ಸಹಾಯ ಬೇಕು: ಮಳೆ ಲೆಕ್ಕದ ಕಿರುಪುಸ್ತಕವನ್ನು ಸ್ವಂತವಾಗಿ ಪ್ರಕಟಿಸುವ ಬಗ್ಗೆ

ಗುಂಪಿನ ಹಿರಿಯರಿಗೂ ಬರಹಗಾರ ಮಿತ್ರರಿಗೂ ನಮಸ್ಕಾರಗಳು. ಕೊಡಗಿನ ಕಾಫಿ ತೋಟಗಳಲ್ಲಿ ಪ್ರತಿದಿನ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ)ಗಳಲ್ಲಿ ಬರೆದಿಡುವ ರೂಢಿಯನ್ನು ಕುರಿತು, ನಾಪೋಕ್ಲು ಭಾಗದ ಕೆಲವು ಮನೆಗಳಲ್ಲಿ ಉಳಿದಿರುವ ಡೈರಿಗಳನ್ನು ಆಧರಿಸಿ, ಡೆಮಿ 1/8 ಆಕಾರದ 64 ಪುಟಗಳ ಪುಸ್ತಕವೊಂದನ್ನು ಸಿದ್ಧಪಡಿಸಿದ್ದೇನೆ. ಕಾಫಿ ಗಿಡಗಳು ಹೂ ಬಿಡಲು ಬೇಕಾದ ಹೂಮಳೆಯಿಂದ ಹಿಡಿದು 2018ರ ಆಗಸ್ಟ್‌ನ ಭೂಕುಸಿತದ ದಿನಗಳವರೆಗಿನ ಅಂಕಿಗಳು ಆ ಡೈರಿಗಳಲ್ಲಿವೆ. ಅವು ಕಪಾಟಿನಲ್ಲೇ ಗೆದ್ದಲು ಹಿಡಿದು ಹೋಗಬಾರದೆಂಬುದು ನನ್ನ ಕಳಕಳಿ.

ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯು ಲೇಖಕ-ಪ್ರಕಾಶಕರಿಗೂ ಉಚಿತವಾಗಿ ನೀಡುವುದರಿಂದ ಆ ಬಗ್ಗೆ ಚಿಂತೆಯಿಲ್ಲ. ತೊಡಕಿರುವುದು ಅಕ್ಷರ ಜೋಡಣೆಯಲ್ಲಿ. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸವು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಆಗಿದೆ. ಮುದ್ರಣಕ್ಕೆ ಅದು ಸಾಕಾದರೂ, ಇ-ಪುಸ್ತಕಕ್ಕಾಗಿ ಯೂನಿಕೋಡ್‌ಗೆ ಪರಿವರ್ತಿಸಿದಾಗ ‘ವರ್ಷ’, ‘ಮಾರ್ಚ್’ನಂಥ ಪದಗಳಲ್ಲಿ ಅರ್ಕಾವೊತ್ತು ಸ್ಥಾನ ತಪ್ಪುತ್ತದೆ, ಕೋಷ್ಟಕಗಳ ಸಾಲುಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಮಳೆಯ ಪುಸ್ತಕದಲ್ಲಿ ದಶಾಂಶದ ಒಂದು ಚುಕ್ಕೆ ಜಾರಿದರೂ ಇಡೀ ದಾಖಲೆಯೇ ಸುಳ್ಳಾಗುತ್ತದೆ. ಇದನ್ನು ಸರಿಪಡಿಸುವ ವಿಶ್ವಾಸಾರ್ಹ ಪರಿವರ್ತಕವನ್ನಾಗಲಿ, ಅಂಕಿಗಳ ಕರಡು ತಿದ್ದುವುದರಲ್ಲಿ ಪಳಗಿದವರನ್ನಾಗಲಿ ತಿಳಿದವರು ದಯವಿಟ್ಟು ಸೂಚಿಸಬೇಕು.

ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟಿನ (ಅಚ್ಚಿನ ತಗಡಿನ) ಖರ್ಚು, ಪ್ರತಿಗಳೆಷ್ಟೇ ಇರಲಿ, ಮೊದಲೇ ಬೀಳುವುದರಿಂದ, ಇನ್ನೂರು ಪ್ರತಿಗಳಿಗೆ ಡಿಜಿಟಲ್ ಮುದ್ರಣವೇ ಸೂಕ್ತವೆಂದು ನನಗೆ ತೋರುತ್ತದೆ. ಮಡಿಕೇರಿ ಅಥವಾ ಮೈಸೂರಿನಲ್ಲಿ ಹೀಗೆ ಮಾಡಿಸಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ. ಡೈರಿಗಳನ್ನು ಕೊಟ್ಟ ಮನೆಯವರಿಂದ ಪ್ರಕಟಣೆಗೆ ಲಿಖಿತ ಒಪ್ಪಿಗೆ ಪಡೆಯಲು ಬಳಸಬಹುದಾದ ಪತ್ರದ ಮಾದರಿ ಯಾರಲ್ಲಾದರೂ ಇದ್ದರೆ ಅದನ್ನೂ ಹಂಚಿಕೊಳ್ಳಬೇಕೆಂದು ವಿನಂತಿಸುತ್ತೇನೆ.