ಡಿಸೆಂಬರ್ ಟಿಕೆಟ್, ಬೆಳಗಿನ ಹೊಟ್ಟೆನೋವು, ಶಾಲೆಯ ಹಾಜರಿ

ಎಲ್ಲರಿಗೂ ನಮಸ್ಕಾರ. ಈ ವಾರ ನ್ಯೂಜಿಲೆಂಡಿನ ನಮ್ಮ ಪೋಷಕರ ಗುಂಪಿನಲ್ಲಿ ಎರಡು ಪ್ರಶ್ನೆ ಬಂದಿವೆ. ಡಿಸೆಂಬರ್ ಮಧ್ಯದಿಂದ ಟಿಕೆಟ್ ಬೆಲೆ ಜಾಸ್ತಿ, ಶಾಲೆ ಮುಗಿಯುವ ಮುಂಚೆಯೇ ಮಕ್ಕಳನ್ನು ಊರಿಗೆ ಕರೆದುಕೊಂಡು ಹೊರಟರೆ ತೊಂದರೆಯಾ ಅಂತ ಒಬ್ಬರು ಕೇಳಿದ್ದಾರೆ. ಮಂಗಳೂರು ಕಡೆಯ ಅಮ್ಮ ಒಬ್ಬರ ಮಗಳು ಹೊಸ ಶಾಲೆ ಸೇರಿದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಾಳಂತೆ. ಅವರು ಬರೆದ ಒಂದು ಮಾತು ನನ್ನ ಮನಸ್ಸಿನಲ್ಲೇ ಉಳಿದಿದೆ: "ನಾವೂ ಕ್ಯಾಥೊಲಿಕರೇ, ಶಾಲೆಯೂ ಕ್ಯಾಥೊಲಿಕ್, ಆದರೂ ಅವಳು ಹೊರಗಿನವಳ ಹಾಗೆ ಕೂತಿರುತ್ತಾಳೆ." ನಾನು ಆಕ್ಲೆಂಡಿನ ದಕ್ಷಿಣ ಭಾಗದ ಒಂದು ಕ್ಯಾಥೊಲಿಕ್ ಪ್ರೈಮರಿ ಶಾಲೆಯಲ್ಲಿ ಟೀಚರ್ ಏಡ್, ಅಂದರೆ ತರಗತಿಯಲ್ಲಿ ಟೀಚರ್‌ಗೆ ಸಹಾಯಕರಾಗಿ, ಕೆಲಸ ಮಾಡುತ್ತೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಟಿಕೆಟ್ ವಿಷಯ ಬೇಗ ಮುಗಿಯುತ್ತದೆ. ನ್ಯೂಜಿಲೆಂಡಿನಲ್ಲಿ ಹಾಜರಿಯನ್ನು ಅರ್ಧ ಅರ್ಧ ದಿನವಾಗಿ ಎಣಿಸುತ್ತಾರೆ, ಒಂದು ಟರ್ಮ್‌ನಲ್ಲಿ ಅದರ ಶೇಕಡ 90ಕ್ಕಿಂತ ಹೆಚ್ಚು ಬಂದ ಮಗುವಿಗೆ ಮಾತ್ರ ನಿಯಮಿತ ಹಾಜರಿ ಅಂತ ಲೆಕ್ಕ. ಟರ್ಮ್ ಸುಮಾರು ಹತ್ತು ವಾರ ಇರುತ್ತದೆ. ಅಂದರೆ ಒಂದು ವಾರ ತಪ್ಪಿಸಿದರೆ ಲೆಕ್ಕ ತಪ್ಪಿತು. ಜ್ವರ ಬಂದು ಮಲಗಿದ ದಿನವೂ ತಪ್ಪಿದ ದಿನಗಳಲ್ಲೇ ಸೇರುತ್ತದೆ. ಟರ್ಮ್ ನಡುವೆ ಪ್ರವಾಸ ಹೋದರೆ ಹಾಜರಿ ಪಟ್ಟಿಯಲ್ಲಿ ಅದಕ್ಕೆ ‘ಜಿ’ ಅಂತ ಬೇರೆ ಕೋಡ್, ಒಪ್ಪಿಗೆಯಿಲ್ಲದ ಗೈರು. 2026ರಿಂದ ಪ್ರತಿ ಶಾಲೆಯೂ ಹಾಜರಿ ಯೋಜನೆ, ಅಂದರೆ ಮಗು ಎಷ್ಟು ದಿನ ತಪ್ಪಿಸಿದರೆ ಏನು ಮಾಡುವುದು ಅನ್ನುವ ಯೋಜನೆ, ಇಟ್ಟುಕೊಳ್ಳಲೇಬೇಕು. ಟರ್ಮ್‌ನಲ್ಲಿ 5 ದಿನ ತಪ್ಪಿದರೆ ಒಂದು ಹಂತದ ಕ್ರಮ, 10 ದಿನಕ್ಕೆ ಇನ್ನೊಂದು, 15 ದಿನ ಆದರೆ ಕಾನೂನು ಕ್ರಮದವರೆಗೂ ಹೋಗಬಹುದು. 2022ರ ಎರಡನೇ ಟರ್ಮ್‌ನಲ್ಲಿ ನಿಯಮಿತವಾಗಿ ಬಂದ ಮಕ್ಕಳು ಇಡೀ ದೇಶದಲ್ಲಿ ಶೇಕಡ 40ರಷ್ಟು ಮಾತ್ರ. 2030ರೊಳಗೆ ಅದನ್ನು 80ಕ್ಕೆ ತರಬೇಕು ಅಂತ ಸರ್ಕಾರ ಹೊರಟಿದೆ. ಹಾಗಾಗಿ ಬಿಗಿ ಇದ್ದೇ ಇರುತ್ತದೆ.

"ಶಾಲೆ ನಮ್ಮ ಸಂಸ್ಕೃತಿಗೆ ಸ್ವಲ್ಪ ಜಾಗ ಕೊಡಲಿ" ಅಂತ ಆ ಪ್ರಶ್ನೆಗಳ ಕೆಳಗೆ ಕೆಲವರು ಬರೆದಿದ್ದೀರಿ. ಕೊಡಲೇಬೇಕು. ಆದರೆ ಟಿಕೆಟ್ ಅಗ್ಗ ಸಿಗುತ್ತದೆ ಅನ್ನುವುದನ್ನು ಆ ಮಾತಿನೊಳಗೆ ಸೇರಿಸಬೇಡಿ. ಹಾಗೆ ಸೇರಿಸಿದರೆ ನಿಜವಾಗಿ ಜಾಗ ಬೇಕಾದ ಮಕ್ಕಳ ಮಾತು ಹಗುರವಾಗುತ್ತದೆ. ಊರಲ್ಲಿ ಅಜ್ಜ ತೀರಿಕೊಂಡು ಹೊರಡಬೇಕಾಗಿ ಬಂದರೆ ಅದು ಬೇರೆ. ಪ್ರಿನ್ಸಿಪಾಲ್‌ಗೆ ನೇರವಾಗಿ ಹೇಳಿ, ಖಂಡಿತ ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ಹೊಟ್ಟೆನೋವು. ಮೊದಲು ಡಾಕ್ಟರಿಗೆ ತೋರಿಸಿ, ಯಾರಾದರೂ ಕಾಡಿಸುತ್ತಿದ್ದಾರಾ ಅಂತ ವಿಚಾರಿಸಿ. ಎರಡೂ ಇಲ್ಲ ಅಂದರೆ ತರಗತಿಯ ಒಳಗೆ, ಟೀಚರ್ ಮಗುವಿನ ಜೊತೆ ಹೇಗಿದ್ದಾರೆ ಅಂತ ನೋಡಬೇಕು.

2001ರಲ್ಲಿ ವೈಕಾಟೊ ವಿಶ್ವವಿದ್ಯಾಲಯದ ರಸೆಲ್ ಬಿಷಪ್ ಮತ್ತು ಮೆರೆ ಬೆರಿಮನ್ ‘ತೆ ಕೊತಹಿತಂಗ’ ಅನ್ನುವ ಸಂಶೋಧನೆಯ ಕೆಲಸ ಶುರು ಮಾಡಿದರು. ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಮಕ್ಕಳು ಹೈಸ್ಕೂಲಿನಲ್ಲಿ ಯಾಕೆ ಹಿಂದೆ ಬೀಳುತ್ತಿದ್ದಾರೆ ಅಂತ ಎಲ್ಲರನ್ನೂ ಕೇಳಿದರು. ಹೆಚ್ಚಿನ ಟೀಚರ್‌ಗಳು ಮಕ್ಕಳ ಕಡೆಗೆ, ಅವರ ಮನೆಯ ಕಡೆಗೆ ಬೆರಳು ತೋರಿಸಿದರು. ಮಕ್ಕಳು ಮಾತ್ರ ಟೀಚರ್ ತಮ್ಮನ್ನು ಹೇಗೆ ನೋಡುತ್ತಾರೆ, ಹೇಗೆ ಮಾತಾಡಿಸುತ್ತಾರೆ ಅನ್ನುವುದನ್ನೇ ಹೇಳಿದರು. ಅದು ದೊಡ್ಡ ಮಕ್ಕಳ ಕಥೆ, ಆದರೆ ಐದು ವರ್ಷದವರಲ್ಲೂ ನಾನು ಇದನ್ನೇ ಕಾಣುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. ದೊಡ್ಡವರು ಮಾತಾಡುವಾಗ ತಲೆ ತಗ್ಗಿಸಿ ನಿಲ್ಲುವುದು ಪೆಸಿಫಿಕ್ ದ್ವೀಪಗಳಾದ ಸಮೋವಾ, ಟೋಂಗಾದ ಮನೆಗಳಲ್ಲಿ ಮರ್ಯಾದೆ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಹಾಗೆಯೇ, ಅಲ್ವಾ? ಇದು ಗೊತ್ತಿಲ್ಲದ ಟೀಚರ್‌ಗೆ ಆ ಮಗು ಗಮನ ಕೊಡುತ್ತಿಲ್ಲ ಅನ್ನಿಸುತ್ತದೆ. "ನನ್ನ ಮುಖ ನೋಡು" ಅಂತ ಎರಡು ಸಲ ಗದರಿದರೆ ಮಗುವಿಗೆ ತಾನು ಏನು ತಪ್ಪು ಮಾಡಿದೆ ಅನ್ನುವುದೇ ತಿಳಿಯುವುದಿಲ್ಲ. ಮೂರನೇ ದಿನ ಹೊಟ್ಟೆನೋವು ಬರುತ್ತದೆ.

ನಾನು ಕೆಲಸ ಮಾಡುವ ತರಗತಿಯ ಟೀಚರ್ ರೀತಿ ನನಗೆ ತುಂಬ ಇಷ್ಟ. ಟೋಂಗಾದ ಮನೆಗಳಲ್ಲಿ ಸಾವಾದರೆ ಇಡೀ ಬಳಗ ಸೇರುತ್ತದೆ, ಮಕ್ಕಳೂ ಕೆಲವು ದಿನ ಅಲ್ಲೇ ಇರುತ್ತಾರೆ. ಅಂಥ ಮಗು ವಾಪಸ್ ಬಂದಾಗ ಈ ಟೀಚರ್, ತಪ್ಪಿಹೋದ ಪಾಠದ ಮಾತು ಮೊದಲು ಎತ್ತುವುದಿಲ್ಲ. ಯಾರೆಲ್ಲ ಬಂದಿದ್ದರು, ಯಾವ ಹಾಡು ಹೇಳಿದರು ಅಂತ ಪಕ್ಕದಲ್ಲಿ ಕೂತು ಕೇಳುತ್ತಾರೆ. ಅದನ್ನೇ ಬರೆಸುತ್ತಾರೆ. ಆ ದಿನದ ಬರವಣಿಗೆ ಪಾಠವೂ ಆಯಿತು, ಮಗು ಮರುದಿನ ಬರುವುದೂ ಆಯಿತು.

ಮಂಗಳೂರಿನ ಅಮ್ಮನಿಗೆ ನನ್ನ ಸಲಹೆ ಇದು. ಇಲ್ಲಿ ಚರ್ಚಿನ ಒಂದೇ ಪೂಜೆಗೆ ಸಮೋವಾ, ಫಿಲಿಪ್ಪೀನ್ಸ್, ಕೇರಳ, ಮಂಗಳೂರಿನವರು ಸೇರುತ್ತಾರೆ. ನಂಬಿಕೆ ಒಂದೇ, ಮನೆ ಬೇರೆ ಬೇರೆ. ಸಮೋವಾದವರ ಮಕ್ಕಳ ಭಾನುವಾರ ಅಕ್ಟೋಬರ್‌ನ ಎರಡನೇ ಭಾನುವಾರ ಬರುತ್ತದೆ. ಮಕ್ಕಳೆಲ್ಲ ಬಿಳಿ ಬಟ್ಟೆ ಹಾಕಿಕೊಳ್ಳುತ್ತಾರೆ, ಇಲ್ಲಿ ಎಷ್ಟೋ ಶಾಲೆಗಳಿಗೆ ಅದು ಗೊತ್ತು. ಸೆಪ್ಟೆಂಬರ್ 8ರ ನಮ್ಮ ಕರಾವಳಿಯ ಕ್ಯಾಥೊಲಿಕರ ಹಬ್ಬ ಮೊಂತಿ ಫೆಸ್ತ್ ಎಷ್ಟು ಟೀಚರ್‌ಗಳಿಗೆ ಗೊತ್ತಿದ್ದೀತು? ಒಂಬತ್ತು ದಿನ ಮಕ್ಕಳು ಮೇರಿ ಮಾತೆಗೆ ಹೂ ಅರ್ಪಿಸುವುದು, ಚರ್ಚಿನಿಂದ ಬಂದ ಹೊಸ ತೆನೆಯ ಭತ್ತವನ್ನು ಎಲ್ಲರೂ ಹಂಚಿಕೊಂಡು ತಿನ್ನುವುದು, ಆ ದಿನ ಮೀನು ಮಾಂಸ ಇಲ್ಲದ ಊಟ. ಇದೆಲ್ಲ ಮೂರನೇ ಟರ್ಮ್‌ನಲ್ಲೇ ಬರುತ್ತದೆ. ಇದರ ಬಗ್ಗೆ ಒಂದು ಪುಟ ಬರೆದು ಟೀಚರ್‌ಗೆ ಕೊಡಿ. ಮಗಳ ಕೈಯಲ್ಲಿ ಒಂದು ಫೋಟೋ ಕಳಿಸಿ. ಮನೆಯಲ್ಲಿ ಕೊಂಕಣಿ, ಅಜ್ಜಿ ಫೋನಲ್ಲಿ ಕನ್ನಡ ಅನ್ನುವುದನ್ನೂ ಬರೆಯಿರಿ. ಹೆಸರು ಹೇಗೆ ಕರೆಯಬೇಕು ಅನ್ನುವುದನ್ನೂ.

ಒಂದು ದಿನ ಹಬ್ಬದ ಬಟ್ಟೆ ಹಾಕಿಸಿ ಫೋಟೋ ತೆಗೆದರೆ ಸಾಲದು. ಮಗುವಿನ ಮನೆಯ ಸಂಗತಿ ಓದಿನಲ್ಲಿ, ಲೆಕ್ಕದಲ್ಲಿ, ಪ್ರಾರ್ಥನೆಯಲ್ಲಿ ಆಗಾಗ ಬರುತ್ತಿರಬೇಕು. ಪೋಷಕರ ಭೇಟಿಯಲ್ಲಿ ಬರೀ ಅಂಕ, ರೀಡಿಂಗ್ ಲೆವೆಲ್ ಕೇಳಿ ಬರಬೇಡಿ. "ನಮ್ಮ ಮಗು ತರಗತಿಯಲ್ಲಿ ಯಾವಾಗ ಬಾಯಿ ಬಿಡುತ್ತದೆ?" ಅಂತ ಕೇಳಿ. ಒಳ್ಳೆಯ ಟೀಚರ್‌ಗೆ ಉತ್ತರ ಗೊತ್ತಿರುತ್ತದೆ, ಗೊತ್ತಿಲ್ಲದವರು ಅವತ್ತಿನಿಂದ ಗಮನಿಸುತ್ತಾರೆ.

ಕ್ರೈಸ್ತರಲ್ಲದವರು ಈ ಶಾಲೆಗಳಿಗೆ ಸೇರಿಸಬಹುದಾ ಅಂತಲೂ ಯಾರೋ ಕೇಳಿದ್ದರು. ಸೇರಿಸಬಹುದು, ಆದರೆ ಸೀಟು ಕಡಿಮೆ, ಸಾಮಾನ್ಯವಾಗಿ ಶೇಕಡ 5ರಷ್ಟು. ಬೇಗ ವಿಚಾರಿಸಿ. ನಮ್ಮ ಶಾಲೆಗೆ ನಾನು ಬರೆದುಕೊಟ್ಟ ‘ಮನೆಯ ಪರಿಚಯ’ದ ಪುಟ ಬೇಕಿದ್ದವರು ಹೇಳಿ, ಭಾನುವಾರ ಇಲ್ಲೇ ಹಾಕುತ್ತೇನೆ.