ನಿಲುವಂಗಿಯ ಎಡ-ಬಲ

ನಾಗೇಶ: ಹಳೇ ಚೀನಾದಲ್ಲಿ ನಮ್ಮವನು ಯಾರು, ಹೊರಗಿನವನು ಯಾರು ಅಂತ ಹೆಂಗೆ ಗುರುತು ಹಿಡೀತಿದ್ರು ಮೇಷ್ಟ್ರೇ? ಮುಖ ನೋಡಿಯೋ, ಜಾತಕ ನೋಡಿಯೋ?

ಮೇಷ್ಟ್ರು: ಅಂಗಿ ನೋಡಿ ಕಣಯ್ಯ. ನಿಲುವಂಗಿಯ ಎಡ ಅಂಚು ಬಲದ ಮೇಲೆ ಬಂದು, ಬಲ ಪಕ್ಕೇಲಿ ಕಟ್ಟು ಬಿದ್ರೆ ನಮ್ಮವ. ಅದಲುಬದಲಾದ್ರೆ ಹೊರಗಿನವ. ಗ್ವಾನ್ ಜೊಂಗ್ ಅನ್ನೋ ಮಂತ್ರಿ ಇರದಿದ್ರೆ ನಾವೆಲ್ಲ ಕೂದಲು ಕೆದರಿಕೊಂಡು ಎಡಕ್ಕೆ ಅಂಗಿ ಕಟ್ಕೊಂಡು ಓಡಾಡ್ಬೇಕಿತ್ತು ಅಂತ ಸಾಕ್ಷಾತ್ ಕನ್ಫ್ಯೂಷಿಯಸ್ಸೇ ಅಂದಿದಾನೆ.

ಸುಮತಿ: ಹೆಣಕ್ಕೂ ಎಡಕ್ಕೇ ಕಟ್ತಿದ್ರು, ಅದನ್ನೂ ಹೇಳಿ. ಎಡಕ್ಕೆ ಕಟ್ಟಿದವನು ಒಂದೋ ಪರದೇಶದವನು, ಇಲ್ಲಾ ಪರಲೋಕದವನು.

ನಾಗೇಶ: ಹಂಗಾದ್ರೆ ನಾನು ಅಂಗಿ ತಿರುಗಿಸಿ ಕಟ್ಕೊಂಡ್ರೆ ಚೀನಾದವನೇ?

ಮೇಷ್ಟ್ರು: ಅಂಗಿ ಒಂದೇ ಸಾಲಲ್ಲ. ಅಪ್ಪ ಅಮ್ಮ ಸತ್ರೆ ಮೂರು ವರ್ಷದ ಸೂತಕ ಹಿಡೀಬೇಕು. ಲೆಕ್ಕಕ್ಕೆ ಮೂರು ವರ್ಷ, ಎಣಿಸಿದ್ರೆ 25 ತಿಂಗಳು. ಇದನ್ನೆಲ್ಲ ಪಾಲಿಸಿದ್ರೆ ಹುಟ್ಟು ಕೇಳೋದಿಲ್ಲ ಅನ್ನೋದು ಕನ್ಫ್ಯೂಷಿಯಸ್ಸನ ಹಾದಿ ಹಿಡಿದ ಚಿಂತಕ ಮೆನ್ಷಿಯಸ್ಸನ ಮಾತು. ಆದರ್ಶ ದೊರೆ ಅಂತ ಪೂಜಿಸೋ ಶುನ್ ಪೂರ್ವದ ಅನ್ಯ ಜನದವನು, ವೆನ್ ದೊರೆ ಪಶ್ಚಿಮದ ಅನ್ಯ ಜನದವನು. ಸಾವಿರ ಲೀ (ಚೀನಾದ ದೂರದ ಅಳತೆ) ದೂರ, ಸಾವಿರ ವರ್ಷದ ಅಂತರ. ಆದ್ರೂ ಇಬ್ಬರ ನಡೆ ಒಂದಕ್ಕೊಂದು ತಾಳೆ ಆಗುತ್ತೆ ಅಂತಾನೆ.

ಸುಮತಿ: ಅದೇ ಮೆನ್ಷಿಯಸ್ ತೆಂಕಣದವನೊಬ್ಬನ ಮಾತನ್ನ ಹಕ್ಕಿ ಕಿರುಚಾಟಕ್ಕೆ ಹೋಲಿಸಿ ಗೇಲಿ ಮಾಡ್ತಾನೆ. ನಾವು ಅವರನ್ನ ಬದಲಾಯಿಸಿದ್ದು ಕೇಳಿದೀನಿ, ಅವರಿಂದ ನಾವು ಬದಲಾಗಿದ್ದು ಕೇಳಿಲ್ಲ ಅಂತಾನೆ. ಧಾರಾಳತನಕ್ಕೂ ಒಂದು ದಿಕ್ಕಿತ್ತು! ಇನ್ನು ಹುಟ್ಟು ಕೇಳಿದವರೂ ಇದ್ರು. 1644ರಲ್ಲಿ ಮಿಂಗ್ ವಂಶ ಬಿದ್ದು ಈಶಾನ್ಯದ ಅನ್ಯ ಜನ ಮಂಚೂಗಳು ಆಳೋಕೆ ಬಂದ ಮೇಲೆ ವಾಂಗ್ ಫುಝಿ ಅನ್ನೋ ವಿದ್ವಾಂಸ ಬರೆದಿದ್ದು ನೋಡಿ: ನೆಲ ಬೇರೆ, ನೆಲದ ಗಾಳಿಸತ್ವ ಬೇರೆ, ಹಾಗಾಗಿ ನಡಾವಳಿಯೂ ಬೇರೆ, ಬೆರೆಸಲೇಬಾರದು.

ನಾಗೇಶ: ಅವರಿಂದ ಇವರು ಏನೂ ಕಲೀಲೇ ಇಲ್ವಾ?

ಸುಮತಿ: ಪ್ಯಾಂಟು ಕಲಿತ್ರು. ಕ್ರಿ.ಪೂ. 307, ಝಾವೊ ರಾಜ್ಯದ ವುಲಿಂಗ್ ದೊರೆ. ರಥಕ್ಕೆ ಸಮನೆಲ ಬೇಕು. ಗುಡ್ಡದಲ್ಲಿ ಚಕ್ರ ಕಚ್ಚಿಕೊಂಡ್ರೆ ಸಾರಥಿ, ಬಿಲ್ಲುಗಾರ, ಈಟಿಯವ ಮೂವರೂ ಕಾಲ್ನಡಿಗೆ. ಉತ್ತರದ ಹುಲ್ಲುಗಾವಲಿನವರು ಕುದುರೆ ಮೇಲಿಂದಲೇ ಬಾಣ ಬಿಟ್ಟು ಓಡೇಹೋಗ್ತಿದ್ರು. ಇವರೂ ಕುದುರೆ ಹತ್ತೋಣ ಅಂದ್ರೆ ನಿಲುವಂಗೀಲಿ ಕಾಲು ಅಗಲಿಸಿ ಕೂರೋಕಾಗಲ್ಲ, ಅಗಲ ತೋಳು ಬಿಲ್ಲಿನ ಹೆದೆಗೆ ಸಿಕ್ಕಿಕೊಳ್ಳುತ್ತೆ. ಸರಿ, ಪ್ಯಾಂಟು, ಬಿಗಿ ತೋಳು, ಕೊಕ್ಕೆ ಇರೋ ಸೊಂಟಪಟ್ಟಿ ಅಂತ ಆಜ್ಞೆ ಆಯ್ತು.

ಮೇಷ್ಟ್ರು: ಅವನ ಚಿಕ್ಕಪ್ಪ ಚೆಂಗ್ ಮೈಗೆ ಹುಷಾರಿಲ್ಲ ಅಂತ ದರ್ಬಾರಿಗೇ ಬರಲಿಲ್ಲ.

ನಾಗೇಶ: ಪ್ಯಾಂಟು ಹಾಕ್ಕೋ ಅಂದ್ರೆ ಜ್ವರ ಬಂತಾ?

ಮೇಷ್ಟ್ರು: ಅವನ ವಾದವೇನೂ ಪೊಳ್ಳಲ್ಲ. ಕಾವ್ಯ, ಗ್ರಂಥ, ವಿಧಿ, ಸಂಗೀತ ಇರೋದು ನಮ್ಮಲ್ಲಿ, ದೂರದವರು ನೋಡಿ ಕಲಿಯೋಕೆ ಬರೋದು ನಮ್ಮಲ್ಲಿಗೆ, ನಾವೇ ಅವರ ವೇಷ ಹಾಕಿದ್ರೆ ಹೆಂಗೆ ಅಂತ ಕೇಳಿದ. ದೊರೆ ಖುದ್ದು ಅವನ ಮನೆಗೆ ಹೋದ. ವೂ ರಾಜ್ಯದವರು ಹಲ್ಲಿಗೆ ಕರಿ ಬಳೀತಾರೆ, ಮೀನಿನ ಚರ್ಮದ ಟೋಪಿ ಹಾಕ್ತಾರೆ. ಬಟ್ಟೆ ಇರೋದು ಬಳಕೆಗೆ, ವಿಧಿ ಇರೋದು ಕೆಲಸಕ್ಕೆ, ಊರು ಬದಲಾದ್ರೆ ಅವೂ ಬದಲಾಗ್ತವೆ. ನಮಗೆ ಗೊತ್ತಿಲ್ಲ ಅಂತ ಅನುಮಾನ ಬೇಡ, ನಮ್ಮಂತಿಲ್ಲ ಅಂತ ತಪ್ಪು ಹಿಡಿಯೋದು ಬೇಡ ಅಂದ. ಮಾರನೇ ದಿನ ಚಿಕ್ಕಪ್ಪ ಪ್ಯಾಂಟಲ್ಲೇ ದರ್ಬಾರಿಗೆ ಹಾಜರು.

ಸುಮತಿ: ಕ್ರಿ.ಪೂ. 295ರಲ್ಲಿ ಅದೇ ಚಿಕ್ಕಪ್ಪ ಅದೇ ದೊರೆಯನ್ನ ಶಾಚಿಯು ಅರಮನೇಲಿ ಮೂರು ತಿಂಗಳು ಮುತ್ತಿಗೆ ಹಾಕಿ ಉಪವಾಸ ಕೆಡವಿ ಸಾಯಿಸಿದ. ಗುಬ್ಬಿಮರಿ ಹಿಡಿದು ತಿನ್ನೋ ಗತಿ ಬಂತು.

ನಾಗೇಶ: ಪ್ಯಾಂಟಿನ ಸೇಡು!

ಸುಮತಿ: ಅಲ್ಲ ಮಾರಾಯ, ಮಕ್ಕಳ ಪಟ್ಟದ ಜಗಳ.

ನಾಗೇಶ: ಆ ಸೂಪಿನ ಕಥೆ ಇದೆಯಲ್ಲ, ಎಲ್ಲರೂ ಬೇರೆಬೇರೆ ಇದ್ಕೊಂಡೇ ಹೊಂದಿಕೊಂಡಿರೋದು. ಈಗಿನ ಚೀನಾ ನಾಯಕರ ಭಾಷಣಗಳಲ್ಲೂ ಬರುತ್ತಲ್ಲ?

ಸುಮತಿ: ಕ್ರಿ.ಪೂ. 522, ಚೀ ರಾಜ್ಯದ ಮಂತ್ರಿ ಯಾನ್ ಯಿಂಗ್ ಹೇಳಿದ್ದು. ನೀರು, ಬೆಂಕಿ, ಹುಳಿ, ಮಾಂಸದ ಗೊಜ್ಜು, ಉಪ್ಪು, ಪ್ಲಮ್ಮು, ಎಲ್ಲ ಸೇರಿದ್ರೆ ರುಚಿ. ನೀರಿಗೆ ನೀರೇ ಹಾಕಿದ್ರೆ ಯಾರು ಕುಡೀತಾರೆ? ಆದ್ರೆ ಅವನು ಹೇಳಿದ್ದು ದೊರೆ ಹೂಂ ಅಂದಾಗ ಉಹೂಂ ಅನ್ನೋ ಮಂತ್ರಿ ಬೇಕು ಅಂತ. ಜನಾಂಗಗಳ ವಿಚಾರಕ್ಕೆ ಎಳೆದದ್ದು ಆಮೇಲೆ. ಎಳೆದಾಗ ಕೆಡೋದು ಇಲ್ಲೇ: ಸೌಟು ಹಿಡಿದವನು ಒಬ್ಬ, ಹೆಚ್ಚಾಗಿದ್ದನ್ನ ಕಮ್ಮಿ ಮಾಡೋನೂ ಅವನೇ. ಉಪ್ಪನ್ನ ಯಾರೂ ಅಭಿಪ್ರಾಯ ಕೇಳಲ್ಲ.

ಮೇಷ್ಟ್ರು: ಚೀನಾದವರು ತಮ್ಮ ನಾಡನ್ನೇ ಮಧ್ಯದೇಶ, ಅಂದ್ರೆ ಲೋಕದ ನಡುವಿನ ನಾಡು ಅಂತಿದ್ರು. ಆ ಹಟಾನ ಬಿಟ್ಟವರು ಅಲ್ಲಿನ ಬೌದ್ಧರು. 399ರಲ್ಲಿ ಭಾರತಕ್ಕೆ ಹೊರಟ ಫಾಹಿಯಾನ್ ಗಂಗೆಯ ಬಯಲನ್ನ ಮಧ್ಯದೇಶ ಅಂತ ಕರೆದ. ಚೀನಾ ಅಂಚಿನ ಸೀಮೆ ಆಯ್ತು! ಜೊತೆಗಿದ್ದ ದಾವೊಝೆಂಗ್ ಮುಂದಿನ ಜನ್ಮದಲ್ಲೂ ಅಂಚಿನ ಸೀಮೆ ಬೇಡಪ್ಪಾ ಅಂತ ಪಾಟಲಿಪುತ್ರದಲ್ಲೇ ಉಳಿದುಬಿಟ್ಟ.

ನಾಗೇಶ: ಮೆನ್ಷಿಯಸ್ಸನ ಮಾತು ಹಿಡ್ಕೊಂಡು ಹೊರಗಿನವರೇ ವಾದಕ್ಕೆ ಬಂದಿದ್ರೆ?

ಮೇಷ್ಟ್ರು: ಬಂದ್ರಲ್ಲ! 1728ರಲ್ಲಿ ಹುನಾನಿನ ಹಳ್ಳಿ ಮೇಷ್ಟ್ರು ಝೆಂಗ್ ಜಿಂಗ್...

ನಾಗೇಶ: ನಿಮ್ಮ ಕುಲದವನು.

ಮೇಷ್ಟ್ರು: ಬಾಯ್ಮುಚ್ಚು. ಮಂಚೂ ದೊರೆ ಅನ್ಯ ಜನದವನು, ದಂಗೆ ಏಳಿ ಅಂತ ಒಬ್ಬ ಸೇನಾಪತಿಗೆ ಶಿಷ್ಯನ ಕೈಲಿ ಕಾಗದ ಕಳಿಸಿ ಸಿಕ್ಕಿಬಿದ್ದ. ಯೊಂಗ್‌ಝೆಂಗ್ ಚಕ್ರವರ್ತಿ ತಲೆ ತೆಗೀಲಿಲ್ಲ, ವಾದಕ್ಕಿಳಿದ. ಶುನ್ ಹೊರಗಿನವನಲ್ವಾ, ವೆನ್ ಅಲ್ವಾ, ಮಂಚೂ ಅನ್ನೋದು ನನ್ನ ಹುಟ್ಟೂರಿನ ಹೆಸರಿದ್ದ ಹಾಗೆ ಅಷ್ಟೇ ಅಂದ. ಝೆಂಗ್ ಜಿಂಗ್ ಒಪ್ಪಿದ. ಕ್ಷಮೆ ಸಿಕ್ತು. ನನ್ನ ಮಕ್ಕಳು ಮೊಮ್ಮಕ್ಕಳೂ ಇವನನ್ನ ಮುಟ್ಟಕೂಡದು ಅಂತ ಅಪ್ಪಣೆ ಬೇರೆ. ಇಡೀ ವಾದಾನ ಪುಸ್ತಕ ಮಾಡಿಸಿ ಶಾಲೆಶಾಲೆಗೂ ಹಂಚಿದ.

ಸುಮತಿ: ಅಲ್ಲೇ ಎಡವಟ್ಟಾಗಿದ್ದು. ತನ್ನ ಮೇಲಿದ್ದ ಹತ್ತು ಆರೋಪಾನೂ ಅಚ್ಚು ಹಾಕಿಸಿ ಒಂದೊಂದಕ್ಕೂ ಉತ್ತರ ಕೊಟ್ಟ: ಅಪ್ಪನಿಗೆ ಸಂಚು, ತಾಯಿಗೆ ಕಾಟ, ಅಣ್ಣತಮ್ಮಂದಿರ ಕೊಲೆ, ದುಡ್ಡಿನಾಸೆ, ಕುಡಿತ...

ನಾಗೇಶ: ಗೊತ್ತಿಲ್ಲದವರಿಗೂ ಗೊತ್ತಾಯ್ತು.

ಸುಮತಿ: ಶಾಲಾ ಮಕ್ಕಳಿಗೂ. 1735ರಲ್ಲಿ ಪಟ್ಟಕ್ಕೆ ಬಂದ ಮಗ ಚಿಯಾನ್‌ಲಾಂಗ್ ಪುಸ್ತಕಾನೆಲ್ಲ ವಾಪಸ್ ತರಿಸಿ, ಝೆಂಗ್ ಜಿಂಗನಿಗೆ ಮರಣದಂಡನೆ ಕೊಟ್ಟ.

ನಾಗೇಶ: ಮುಟ್ಟಕೂಡದು ಅಂತ ಅಪ್ಪ ಬರೆಸಿದ್ನಲ್ಲ?

ಮೇಷ್ಟ್ರು: ಅದಿದ್ದಿದ್ದೂ ಆ ಪುಸ್ತಕದಲ್ಲೇ ಕಣಯ್ಯ!