ಬಿಸ್ಕೋ ಡಿಸ್ಕ್ ಮೇಲೆ ಆಯಸ್ಕಾಂತ ಕಚ್ಚಿಕೊಳ್ಳುತ್ತಿಲ್ಲ

ಹಲಸೂರು_77: ಸೂಪರ್‌ಕಂಡಕ್ಟರ್ (ತಣಿಸಿದಾಗ ರೋಧವಿಲ್ಲದೆ ಕರೆಂಟ್ ಹರಿಸುವ ವಸ್ತು) ಮೇಲೆ ಆಯಸ್ಕಾಂತ ತೇಲಿಸಲು ನೋಡುತ್ತಿದ್ದೇನೆ. ನನ್ನದು ಬಿಸ್ಕೋ-2212 (ಬಿಸ್ಮತ್, ತಾಮ್ರ ಇರುವ ಸೂಪರ್‌ಕಂಡಕ್ಟರ್) ಡಿಸ್ಕ್, 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪ. 20×5 ಮಿ.ಮೀ. ನಿಯೋಡೈಮಿಯಂ ಆಯಸ್ಕಾಂತದ ಬಿಲ್ಲೆಯನ್ನು 5 ಮಿ.ಮೀ. ಮೇಲಿಟ್ಟು, ಥರ್ಮೋಕೋಲ್ ಡಬ್ಬಿಗೆ ದ್ರವ ನೈಟ್ರೋಜನ್ ಸುರಿದೆ. ಆಯಸ್ಕಾಂತ ಇಲ್ಲದಾಗ 84 ಕೆಲ್ವಿನ್‌ಗೇ ರೋಧ ಸೊನ್ನೆ. ಆದರೂ ಆಸರೆ ತೆಗೆದರೆ ಬಿಲ್ಲೆ ಜಾರಿ ಬೀಳುತ್ತೆ. ಬೆಂಗಳೂರಿನ ಎತ್ತರ ಕಾರಣವೇ?

ಸುಳಿ_ಎಣಿಕೆ: ಎತ್ತರದ್ದೇನೂ ತಪ್ಪಿಲ್ಲ ಸರ್. 920 ಮೀಟರ್ ಮೇಲೆ ನೈಟ್ರೋಜನ್ ಸುಮಾರು 76.5 ಕೆಲ್ವಿನ್‌ಗೆ ಕುದಿಯುತ್ತೆ, ಒಂದು ಡಿಗ್ರಿಯಷ್ಟು ಲಾಭವೇ. ಡಿಸ್ಕ್ ಕೂಡ ಕೆಟ್ಟಿಲ್ಲ. ಈ ಕೆಲಸಕ್ಕೆ ಆ ವಸ್ತುವೇ ಸರಿಯಲ್ಲ.

ನಿಮ್ಮ ಬಿಲ್ಲೆ 5 ಮಿ.ಮೀ. ದೂರದಲ್ಲಿ ಸುಮಾರು 0.16 ಟೆಸ್ಲಾ ಕೊಡುತ್ತೆ. ಆ ಕ್ಷೇತ್ರ ಡಿಸ್ಕ್ ಒಳಗೆ ಸಣ್ಣ ಎಳೆಗಳಾಗಿ ನುಗ್ಗುತ್ತೆ, ಅವೇ ಸುಳಿಗಳು; ಅವು ಜಾಗ ಬಿಡದೆ ಕಚ್ಚಿಕೊಂಡರಷ್ಟೇ ಆಯಸ್ಕಾಂತ ನಿಲ್ಲೋದು. ಆಗ ಸುಳಿಗಳ ನಡುವಿನ ಅಂತರ 120 ನ್ಯಾನೊಮೀಟರ್. ಬಿಸ್ಕೋದಲ್ಲಿ ತಾಮ್ರ-ಆಮ್ಲಜನಕದ ಜೋಡಿ ಪದರಗಳು 1.5 ನ್ಯಾನೊಮೀಟರ್‌ಗೊಂದು. ಅನಿಸೋಟ್ರೊಪಿ (ಪದರದ ಉದ್ದಕ್ಕೂ ಅಡ್ಡಕ್ಕೂ ಗುಣ ಎಷ್ಟು ಬೇರೆ ಅನ್ನೋ ಅಳತೆ) 100 ಅಂತ ಹಿಡಿದರೆ, ಪದರದ ಅಂತರದ ಜತೆ ಗುಣಲಬ್ಧ 150 ನ್ಯಾನೊಮೀಟರ್. ಸುಳಿಗಳು ಅದಕ್ಕಿಂತ ಹತ್ತಿರ ಬಂದರೆ ಮೇಲಿನ-ಕೆಳಗಿನ ಪದರದ ನಂಟು ಸಡಿಲವಾಗುತ್ತೆ: ಒಂದೇ ದಾರದಂತಿದ್ದ ಸುಳಿ, ಜೋಡಿಸಿಟ್ಟ ದೋಸೆಗಳಂತೆ ಒಂದೊಂದೇ ಜಾರುತ್ತೆ. 77 ಕೆಲ್ವಿನ್‌ನ ಶಾಖವೇ ಅವನ್ನು ಪಿನ್ನಿಂಗ್ ಜಾಗದಿಂದ (ಸುಳಿ ಕಚ್ಚಿಕೊಳ್ಳುವ ಕಡೆಯಿಂದ) ಕೀಳಲು ಸಾಕು. ಸೊನ್ನೆ ರೋಧ ಕಂಡಿದ್ದು ಕ್ಷೇತ್ರ ಇಲ್ಲದಾಗ. ಆಯಸ್ಕಾಂತ ಇಟ್ಟೇ ಮತ್ತೆ ಅಳೆಯಿರಿ: 10 ಮಿಲಿಆಂಪ್, ನ್ಯಾನೊವೋಲ್ಟ್ ಮೀಟರ್, ಕರೆಂಟ್ ದಿಕ್ಕು ತಿರುಗಿಸಿ ಎರಡು ಓದಿನ ವ್ಯತ್ಯಾಸದ ಅರ್ಧ. ಇಲ್ಲದಿದ್ದರೆ ತಂತಿ ಸೇರುವ ಕಡೆ ಹುಟ್ಟುವ ಉಷ್ಣ-ವೋಲ್ಟೇಜ್ ಮೋಸ ಮಾಡುತ್ತೆ.

ಹಲಸೂರು_77: ಡಿಸ್ಕನ್ನು ಆಮ್ಲಜನಕದಲ್ಲಿ ಕಾಯಿಸಿ ಅನೀಲ್ ಮಾಡಿದರೆ? ನೈಟ್ರೋಜನ್ ಮೇಲೆ ಪಂಪ್ ಹಾಕಿ, ಒತ್ತಡ ಇಳಿಸಿ ಇನ್ನೂ ತಣಿಸಿದರೆ?

ಸುಳಿ_ಎಣಿಕೆ: ಅನೀಲ್ ಮಾಡಿದರೆ ಪದರಗಳ ನಂಟು ಬಿಗಿಯಾಗುತ್ತೆ ನಿಜ, ಆದರೆ ಆಮ್ಲಜನಕ ಹೆಚ್ಚಾದಂತೆ ಕ್ರಾಂತಿಕ ತಾಪವೂ (ಯಾವ ತಾಪಕ್ಕಿಂತ ಕೆಳಗೆ ಸೂಪರ್‌ಕಂಡಕ್ಟರ್ ಆಗುತ್ತೋ ಅದು) ಇಳಿಯುತ್ತೆ. 77ರಲ್ಲಿ ಗಿಟ್ಟಲ್ಲ. ಪಂಪ್ ಹಾಕಿ ಇಳಿಸಬಹುದಾದದ್ದು 63 ಕೆಲ್ವಿನ್‌ವರೆಗೆ, ಆಮೇಲೆ ನೈಟ್ರೋಜನ್ ಗಟ್ಟಿಯಾಗುತ್ತೆ. ಬಿಸ್ಕೋ-2212ರ ಜಾಣತನ ದ್ರವ ಹೀಲಿಯಂನ 4.2 ಕೆಲ್ವಿನ್‌ನಲ್ಲಿ.

ವೈಬಿಸಿಓ (ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರ್) ತಗೊಳ್ಳಿ. ಅದರ ಅನಿಸೋಟ್ರೊಪಿ 5ರಿಂದ 7, 77ರಲ್ಲಿ ಹಲವು ಟೆಸ್ಲಾವರೆಗೂ ಸುಳಿ ಕಚ್ಚಿಕೊಂಡಿರುತ್ತೆ. ಕೊಳ್ಳುವಾಗ ಕರಗಿಸಿ ಬೆಳೆಸಿದ ಒಂಟಿ-ಡೊಮೇನ್ (ಇಡೀ ತುಂಡು ಒಂದೇ ಹರಳಿನಂತಿರುವ) ಡಿಸ್ಕೇ ಕೇಳಿ. ಪುಡಿ ಒತ್ತಿ ಸುಟ್ಟಿದ್ದಾದರೆ ಕಣ-ಕಣದ ನಡುವೆ ಕರೆಂಟ್ ದಾಟದೆ ಮತ್ತೆ ಇದೇ ಗೋಳು.

ಪರೀಕ್ಷೆ: ಆಯಸ್ಕಾಂತ ಇಟ್ಟೇ ತಣಿಸಿ, ತೆಗೆದು, ಉಳಿದ ಕ್ಷೇತ್ರವನ್ನು ಹಾಲ್ ಸೆನ್ಸರಿನಲ್ಲಿ (ಕಾಂತಕ್ಷೇತ್ರ ಅಳೆಯುವ ಸೆನ್ಸರ್) ನೋಡಿ. ಸೆನ್ಸರ್ ದ್ರವಕ್ಕೆ ಅದ್ದಬೇಡಿ, ಮಧ್ಯೆ ತೆಳು ಥರ್ಮೋಕೋಲ್ ಇರಲಿ. ಮೊದಲ ನಿಮಿಷದಲ್ಲಿ ಓದು ಸ್ವಲ್ಪ ಕುಸಿದರೆ ಗಾಬರಿ ಬೇಡ, ಅದು ಸುಳಿಗಳ ತೆವಳುವಿಕೆ, ಬರಬರುತ್ತಾ ನಿಧಾನವಾಗುತ್ತೆ. ಕೆಲಸ ಮುಗಿದ ಮೇಲೆ ಹಿಮ ಕರಗಿದ ನೀರನ್ನು ಒರೆಸಿ, ಸಿಲಿಕಾ ಜೆಲ್ ಜತೆ ಮುಚ್ಚಿಡಿ. ತೇವ ವೈಬಿಸಿಓಗೆ ಆಗದು.